ಕಪ್ಪು-ಬಿಳುಪಿನಲ್ಲಿ ನಮ್ಮ ಯಜಮಾನರು

ಕಳೆದ ಸೋಮವಾರ ಮೊಳಕಾಲ್ಮುರಿನ ಆಫೀಸಿನಲ್ಲಿ ನಮ್ಮ ಯಜಮಾನರ ಶೋಕಸಭೆ ನಡೆಯುತ್ತಿದ್ದಾಗ, ಅವರು ಚಳ್ಳಕೆರೆಯ ನಮ್ಮ ಮನೆಯಲ್ಲಿ ಕಂಬಳಿ ಹೊದ್ದು ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರು.

ಜ್ವರದ ಬಾಯಿ, ಖಾರ ಬೇಕು ಅಂದಿದ್ದರು. ನಾನು ಎರಡು ಮೆಣಸಿನಕಾಯಿ ಹೆಚ್ಚಿಗೇ ಹಾಕಿದ್ದೆ.

ಕೊಂದವಳು ನಾನೇ. (ಗಾಬರಿಯಾಗಬೇಡಿ, ಪೂರ್ತಿ ಓದಿ.) ಕೊಂದಿದ್ದು ಇದ್ದಿಲಿನಿಂದ.

ನನಗೆ ಚಿತ್ರ ಬಿಡಿಸುವ ಹುಚ್ಚು. ನಮ್ಮೂರಲ್ಲಿ ಎಣ್ಣೆ ಮಿಲ್ಲುಗಳಿಗೆ ಬರವಿಲ್ಲ, ಚಿತ್ರದ ಸಾಮಾನು ಮಾತ್ರ ಕೇಳಬೇಡಿ. ಶಾಲೆ ಮಕ್ಕಳ ಕ್ರೆಯಾನ್ಸು, ಸ್ಕೆಚ್ ಪೆನ್ನು, ಅಲ್ಲಿಗೆ ಮುಗಿಯಿತು. ಪುಸ್ತಕದಂಗಡಿಯವನಲ್ಲಿ ಚಾರ್ಕೋಲ್ ಇದೆಯಾ ಅಂತ ಕೇಳಿದ್ದೆ. "ಇದ್ದಿಲಾ? ಇಸ್ತ್ರಿ ಅಂಗಡೀಲಿ ಐತಲ್ಲ ಮೇಡಂ" ಅಂದ. ತಮಾಷೆಗೆ ಅಂದನೋ, ನಿಜಕ್ಕೂ ಅಂದನೋ ಗೊತ್ತಾಗಲಿಲ್ಲ. ಹೋದೆ, ಒಂದು ಮುಷ್ಟಿ ತಂದೆ, ಗೀಚಿದೆ. ಚೆನ್ನಾಗಿಯೇ ಬಂತು!

ಅಲ್ಲಿಂದ ಶುರುವಾಯಿತು ನೋಡಿ. ಹುರಿದ ಶೇಂಗಾದ ಕೆಂಪು ಸಿಪ್ಪೆ ಅಂಟಿಸಿ ಗುಡ್ಡ ಮಾಡಿದೆ. ಅಂಟಿಗೆ, ಕಂಬಳಿ ನೇಯುವವರು ಉಣ್ಣೆ ದಾರಕ್ಕೆ ಹಚ್ಚುತ್ತಾರಲ್ಲ, ಆ ಹುಣಸೆ ಬೀಜದ ಗಂಜಿ. ಎರಡು ದಿನಕ್ಕೆ ಇರುವೆಗಳು ಬಂದು ಗುಡ್ಡವನ್ನು ತುಣುಕು ತುಣುಕಾಗಿ ಹೊತ್ತುಕೊಂಡು ಹೋದವು. "ನಿನ್ನ ಚಿತ್ರ ಗೋಡೆ ಮ್ಯಾಲೆ ವಾಕಿಂಗ್ ಹೊಂಟೈತೆ, ಬಂದು ನೋಡೇ" ಎಂದು ಯಜಮಾನರು ಕರೆದು ತೋರಿಸಿದರು. ಅವತ್ತೇ ತೀರ್ಮಾನಿಸಿದೆ. ಮುಂದಿನ ಕೊಲಾಜು ಇವರದೇ!

ಇವರು ಮೊಳಕಾಲ್ಮುರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ರಜೆ ಹಾಕುವ ಅಭ್ಯಾಸವಿಲ್ಲ. ಆಫೀಸಿನ ಬೀರುವಿನ ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡೇ ಮಲಗುವ ಮನುಷ್ಯ. "ನಾನೊಬ್ಬ ಹೋಗ್ಲಿಲ್ಲ ಅಂದ್ರೆ ಅಲ್ಲಿ ಒಂದು ಕಾಗದಾನೂ ಅಲ್ಲಾಡಲ್ಲ ಕಣೇ" ಎನ್ನುವುದು ಅವರ ನಿತ್ಯದ ಮಾತು. ನಾನು ನಂಬಿದ್ದೆ. ಅವರಂತೂ ಪೂರ್ತಿ ನಂಬಿದ್ದರು.

ಭಾನುವಾರ ಭಾನುವಾರ ಕೂರಿಸಿ ಬಿಡಿಸಿದೆ. ಮುಖಕ್ಕೆ ಇದ್ದಿಲು. ಅಂಗಿಗೆ ಮೊಳಕಾಲ್ಮುರಿನ ಮಗ್ಗದ ಮನೆಯಿಂದ ಅವರೇ ತಂದುಕೊಟ್ಟ ಬಿಳಿ ರೇಷ್ಮೆಯ ಚೂರು. ತಲೆಗೆ ಕರಿ ಕುರಿಯ ಉಣ್ಣೆ. (ಯಜಮಾನರ ತಲೆಯಲ್ಲಿ ಅಷ್ಟು ಕೂದಲಿಲ್ಲ. ಕೈಯಲ್ಲಿ ಉಣ್ಣೆ ಇತ್ತು, ಧಾರಾಳವಾಗಿಯೇ ಅಂಟಿಸಿದೆ.) ಹತ್ತು ವರ್ಷ ಚಿಕ್ಕವರಾಗಿ ಕಂಡರು. ಶುಕ್ರವಾರ ಒಯ್ದು, ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ರಹಮತ್ ಸಾಬರ ಅಂಗಡಿಯಲ್ಲಿ ಕೊಟ್ಟು ಬಂದೆ.

ಶನಿವಾರ ರಾತ್ರಿ ಇವರಿಗೆ ಜ್ವರ ಬಂತು. ಸೋಮವಾರ ಆಫೀಸಿಗೆ ಹೋಗಲಾಗಲಿಲ್ಲ. ಫೋನ್ ಮಾಡಿ ಹೇಳೋಣವೆಂದರೆ ಆಫೀಸಿನ ಫೋನು ಎಂದಿನಂತೆ ಕೆಟ್ಟು ಕೂತಿತ್ತು.

ಮಧ್ಯಾಹ್ನ ಬಾಗಿಲ ಮುಂದೆ ಜೀಪು ನಿಂತ ಸದ್ದು. ಎರಡನೇ ತಟ್ಟೆ ಮಂಡಕ್ಕಿ ಹಿಡಿದುಕೊಂಡೇ ಇವರು ಬಾಗಿಲು ತೆಗೆದರು. ಎದುರಿಗೆ ಆಫೀಸಿನ ನಾಲ್ಕು ಜನ. ಮುಂದೆ ಇವರ ಜೊತೆಗೇ ಕೆಲಸ ಮಾಡುವ ಬೋರಯ್ಯ, ಕೈಯಲ್ಲಿ ಆಳುದ್ದದ ಹೂವಿನ ಹಾರ.

ಬೋರಯ್ಯನ ಬಾಯಿ ತೆರೆದದ್ದು ಹಾಗೇ ನಿಂತಿತು. ಹಾರ ಹೊಸ್ತಿಲ ಮೇಲೆ ಬಿತ್ತು.

"ಅಣ್ಣಾ... ನೀನು ಇದ್ದೀಯಾ?"

"ಇರದೆ ಎಲ್ಲಿಗೆ ಹೋಗ್ಲೋ? ಈ ಹಾರ ಯಾರಿಗೆ?"

ಬೋರಯ್ಯ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಗಳಗಳನೆ ಅತ್ತುಬಿಟ್ಟ. ನಾನು ಅಡುಗೆಮನೆಯಿಂದ ಓಡಿ ಬಂದೆ. ನನ್ನನ್ನು ನೋಡಿದ್ದೇ ಅವನ ಕಣ್ಣು ಮೊದಲು ಹೋದದ್ದು ನನ್ನ ಹಣೆಯ ಕುಂಕುಮಕ್ಕೆ.

"ನಿನ್ನೆ ಎಣ್ಣೆ ತಗಳಾಕೆ ಪ್ಯಾಟಿಗೆ ಬಂದಿದ್ದೆ ಅಕ್ಕಾ. ಸಾಬರ ಅಂಗಡಿ ಮುಂದೆ ಅಣ್ಣನ ಫೋಟೋ ತೂಗು ಹಾಕಿದ್ರು. ಹಾರ ಹಾಕಿತ್ತು. ಕೇಳಿದ್ರೆ, ಪಾಪ, ಅಮ್ಮಾರೇ ಬಂದು ಕೊಟ್ಟೋದ್ರು ಅಂದ್ರು. ನಿಮ್ಮ ಮುಖ ನೋಡಾಕೆ ಧೈರ್ಯ ಸಾಲ್ಲಿಲ್ಲ, ಹಂಗೇ ಬಸ್ ಹತ್ತಿದೆ. ಬೆಳಿಗ್ಗೆ ಅಣ್ಣ ಆಫೀಸ್ಗೂ ಬರ್ಲಿಲ್ಲ..."

ನಾನು ಚಪ್ಪಲಿ ಮೆಟ್ಟಿದವಳೇ ಪೇಟೆಗೆ ಓಡಿದೆ.

ತೂಗುತ್ತಿತ್ತು. ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ನಾಯಕನಹಟ್ಟಿಯ ದೇವರು ತಿಪ್ಪೇಸ್ವಾಮಿ, ನಡುವೆ ನಮ್ಮ ಯಜಮಾನರು. ಕೊರಳಿಗೆ ಗಂಧದ ಹಾರ. ಇದ್ದಿಲಿನ ಆ ಮುಖ ಹಾರದೊಳಗಿಂದ ನನ್ನನ್ನೇ ನೋಡುತ್ತಿತ್ತು. ನಾನೇ ಬಿಡಿಸಿದ್ದು, ಆ ಕೂದಲು ನಾನೇ ಅಂಟಿಸಿದ್ದು, ಅವರು ಮನೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದಾರೆಂದು ಗೊತ್ತು. ಆದರೂ ಒಂದು ಕ್ಷಣ ನಂಬಿಬಿಟ್ಟೆ.

"ರಹಮತ್ ಸಾಬರೇ, ನಮ್ಮ ಮನೆಯವರು ಚೆನ್ನಾಗಿದ್ದಾರೆ ಕಣ್ರೀ!"

"ತೌಬಾ ತೌಬಾ!" ಎಂದು ಅವರು ಎರಡೂ ಕೆನ್ನೆ ಬಡಿದುಕೊಂಡರು. ಸ್ಟೂಲು ಹತ್ತಿ ಹಾರ ಕಿತ್ತರು. "ಮಾಫ್ ಮಾಡ್ರಿ ಅಮ್ಮಾ. ನಮ್ಮ ಅಂಗಡಿಗೆ ಬರೋವು ಇಷ್ಟೇರಿ. ಬಣ್ಣದಾಗಿದ್ರೆ ದೇವ್ರು. ಜೋಡಿ ಇದ್ರೆ ಮದುವೆ. ಕರಿ-ಬಿಳಿ ಒಬ್ರೇ ಇದ್ರೆ... ಹೋದೋರು. ಬದುಕಿರೋರ್ನ ಹಿಂಗೆ ಯಾರ್ರಿ ಬರೆಸ್ತಾರೆ? ನೀವು ದುಃಖದಾಗಿದ್ದೀರಿ ಅಂತ, ಹಾರ ನಾನೇ ಹಾಕ್ದೆ."

ಅವರು ಹೇಳಿದ್ದು ಸುಳ್ಳೇ? ನಮ್ಮ ನಿಮ್ಮ ಮನೆಗಳ ಗೋಡೆ ನೋಡಿ. ಒಬ್ಬರೇ ಇರುವ ದೊಡ್ಡ ಚಿತ್ರ ಯಾರದ್ದಿದೆ? ಅದರಲ್ಲೂ ವಯಸ್ಸಿಗಿಂತ ಚಿಕ್ಕದಾಗಿ ಕಾಣುವ ಚಿತ್ರ?

ಕಟ್ಟು ಹಾಕಿದ ಚಿತ್ರ ಎದೆಗವಚಿಕೊಂಡು ಮನೆಗೆ ಬಂದರೆ ಅಲ್ಲಿ ಹಬ್ಬ. ಅತ್ತವರೆಲ್ಲ ನಗುತ್ತಿದ್ದರು. ಮಂಡಕ್ಕಿ ಖಾಲಿಯಾಗಿತ್ತು. ಯಜಮಾನರ ಜ್ವರ ಇಳಿದಂತಿತ್ತು.

"ಶೋಕಸಭೇಲಿ ಏನಂದ್ರು? ಅದನ್ನ ಹೇಳ್ರೋ" ಎಂದು ಕಂಬಳಿ ಸರಿಸಿ ಕೂತರು.

ಬೋರಯ್ಯ ಉತ್ಸಾಹದಿಂದಲೇ ಹೇಳಿದ. ಸಾಹೇಬರು ಅರ್ಧ ಗಂಟೆ ಹೊಗಳಿದ್ದರು. ಇಂಥ ನಿಷ್ಠಾವಂತ ಜಿಲ್ಲೆಯಲ್ಲೇ ಇಲ್ಲ, ಈ ನಷ್ಟ ತುಂಬಲಾರದ್ದು ಎಂದಿದ್ದರು. ಇವರ ಮುಖ ಅರಳುತ್ತ ಹೋಯಿತು. "ಕೇಳಿಸ್ಕೊಂಡೇನೇ?" ಎಂದು ನನ್ನತ್ತ ತಿರುಗಿ ನೋಡಿದರು.

"ಆಮ್ಯಾಲೆ?"

"ಆಮ್ಯಾಲೆ ಬೀರು ತೆಗೀಬೇಕಿತ್ತಲ್ಲಣ್ಣ. ಕೀಲಿಕೈ ಇರ್ಲಿಲ್ಲ. ಬೀಗ ಒಡೆದ್ವಿ."

"ಒಡೆದ್ರಾ?" ಇವರ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಹೂನಣ್ಣ. ಫೈಲೆಲ್ಲಾ ಹಂಚ್ಕೊಂಡ್ವಿ. ನೀನು ಅಷ್ಟು ಕಷ್ಟ ಅಂತಿದ್ದೆ, ಊಟದ ಹೊತ್ತಿಗೆಲ್ಲಾ ಮುಗಿದೇ ಹೋತು. ನಿನ್ನ ಟೇಬಲ್ ಖಾಲಿ ಬಿಡಬಾರ್ದು ಅಂತ ಸಾಹೇಬ್ರು ನಂಗೇ ಕೂರಾಕೆ ಹೇಳಿದ್ರು. ಕಿಟಕಿ ಪಕ್ಕ ಗಾಳಿ ಚೆನ್ನಾಗಿ ಬರ್ತೈತಣ್ಣ."

ಬೋರಯ್ಯನಲ್ಲಿ ಒಂದಿಷ್ಟೂ ಕಪಟವಿಲ್ಲ. ಅತ್ತಿದ್ದೂ ನಿಜ, ಆ ಕುರ್ಚಿಯಲ್ಲಿ ಕೂತದ್ದೂ ನಿಜ. ಇವರು ನಕ್ಕರು. ಎಲ್ಲರ ಜೊತೆ ಸೇರಿ, ಸ್ವಲ್ಪ ತಡವಾಗಿ ನಕ್ಕರು. ಜೀಪು ಹೋದ ಮೇಲೆ ಮತ್ತೆ ಕಂಬಳಿ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದರು. ತಾವೇ ಸತ್ತ ಸುದ್ದಿ ಕೇಳಿದಾಗಲೂ ಕುಗ್ಗದ ಮನುಷ್ಯ ಇದಕ್ಕೆ ಕುಗ್ಗಿಹೋಗಿದ್ದರು.

ಮಂಗಳವಾರ ಜ್ವರ ಪೂರ್ತಿ ಬಿಟ್ಟಿರಲಿಲ್ಲ. ಬೇಡವೆಂದರೂ ಕೇಳದೆ ಬೆಳಗ್ಗೆಯ ಬಸ್ಸಿಗೇ ಹೊರಟರು. ರಾತ್ರಿ ಬಂದು ಊಟಕ್ಕೆ ಕೂತಾಗ ನಾನೇ ಕೇಳಿದೆ.

"ಎಲ್ರೂ ಚೆನ್ನಾಗಿ ಮಾತಾಡ್ಸಿದ್ರಾ?"

"ತುಂಬಾ ಚೆನ್ನಾಗಿ. ಬೋರಯ್ಯ ಎದ್ದು ನಿಂತು ಕೈ ಮುಗ್ದ. ಟೀ ತರ್ಸಿದ್ರು." ಸಾರು ಹಾಕಿಕೊಂಡು ಅನ್ನ ಕಲೆಸಿದರು. "ಟೇಬಲ್ ಈಚೆ ಕಡೆ ಕುರ್ಚಿ ಹಾಕಿ ಕೂರ್ಸಿದ್ರು ಕಣೇ. ಹೊರಗಿನೋರು ಬಂದ್ರೆ ಕೂರ್ತಾರಲ್ಲ, ಆ ಕಡೆ."

ಇವತ್ತಿಗೂ ಅಲ್ಲೇ ಕೂರುತ್ತಿದ್ದಾರೆ. ಹೊಸ ವ್ಯವಸ್ಥೆ ಬದಲಾಯಿಸಲು ಮೇಲಿನಿಂದ ಆದೇಶ ಬರಬೇಕಂತೆ, ಸ್ವಲ್ಪ ದಿನ ಹಿಡಿಯುತ್ತದಂತೆ.

ಹೌದೇ? ಸತ್ತವನ ಜಾಗ ತುಂಬಲು ಅರ್ಧ ದಿನ ಸಾಕಾಯಿತಲ್ಲ, ಬದುಕಿರುವವನಿಗೆ ಅದನ್ನು ಬಿಟ್ಟುಕೊಡಲು ಎಷ್ಟು ದಿನ ಬೇಕು?