ಜಿಗಿಯದ ಮಿಡಚಿ

ಬೆಳಿಗ್ಗೆ ಗಂಡ ಚುಕ್ಕಿಗೆ ತಿನ್ನಿಸಿದ ಆ ಮಿಡಚಿ ಜಿಗಿದಿತ್ತೋ ಇಲ್ಲವೋ? ಪಾತ್ರೆ ತಿಕ್ಕುವಾಗಲೂ, ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದಾಗಲೂ ದೇವಿಕಾಳ ತಲೆಯಲ್ಲಿ ಅದೊಂದೇ ಕೊರೆಯುತ್ತಿತ್ತು.

ತವರು ಮಾನ್ವಿಯಾದರೂ ಅವಳು ಓದಿದ್ದೆಲ್ಲ ರಾಯಚೂರಿನಲ್ಲಿ. ಹೊಲ ಕಂಡದ್ದು ಬಸ್ಸಿನ ಕಿಟಕಿಯಿಂದ. ಚಿಂತೆ ಮಾಡುವುದು ಹುಟ್ಟುಗುಣ. ಮಗಳು ಪುಟ್ಟಿ ಸೀನಿದರೆ ಸಾಕು, ಥರ್ಮಾಮೀಟರ್ ಹುಡುಕುವವಳು. ಚುಕ್ಕಿ ಎಂದರೆ ಗಾಜಿನ ಪೆಟ್ಟಿಗೆಯಲ್ಲಿದ್ದ, ಮೈಯೆಲ್ಲ ಚುಕ್ಕೆಗಳ ಸಾಕು ಹಲ್ಲಿ. ರೈಸ್ ಮಿಲ್ಲಿನ ಸೂಪರ್‌ವೈಸರ್ ಉದಯಕುಮಾರ ಮಗಳಿಗೆಂದು ಹೈದರಾಬಾದಿನಿಂದ ತಂದಿದ್ದ. ತಂದವನು ಅವನು, ಸಾಕಿದವಳು ಇವಳು. ಮೊಟ್ಟೆಯ ಟ್ರೇಗಳಲ್ಲಿ ಚಿಮ್ಮಂಡೆ ಹುಳ ಸಾಕಿ, ಅವಕ್ಕೆ ಗಜ್ಜರಿ ಹೆಚ್ಚಿ ಹಾಕಿ, ಕೊಡುವಾಗ ಕ್ಯಾಲ್ಸಿಯಂ ಪುಡಿ ಸವರುತ್ತಿದ್ದಳು. ಚುಕ್ಕಿಯ ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡುತ್ತಿರಲಿಲ್ಲ. ತಿನ್ನದೆ ಬಿಟ್ಟ ಹುಳ ಚುಕ್ಕಿಯನ್ನೇ ಕಚ್ಚೀತೆಂದು ಹೆಕ್ಕಿ ತೆಗೆಯುತ್ತಿದ್ದಳು.

"ನನಗೂ ಇಷ್ಟು ನೋಡಿ ಉಣ್ಣಾಕ ಹಾಕಂಗಿಲ್ಲ ನೀ" ಎಂದು ಗಂಡ ಕೆಣಕುತ್ತಿದ್ದ.

ಹೋದ ವಾರ ಟ್ರೇಗಳಿಗೆ ಇರುವೆ ಮುತ್ತಿ ಚಿಮ್ಮಂಡೆಗಳೆಲ್ಲ ಸತ್ತವು. ಸುದ್ದಿ ಮಸರಕಲ್‌ನ ಅತ್ತೆ ಅಂಬಮ್ಮನಿಗೆ ಮುಟ್ಟಿತು. ಹಲ್ಲಿ ಸಾಕಿದ ಮನೆ ಎಂದು ಹಬ್ಬಕ್ಕೂ ಹೊಸ್ತಿಲು ತುಳಿಯದಿದ್ದ ಅತ್ತೆ, ಈ ಸಲ ತಾನಾಗಿಯೇ ಹೊಲಕ್ಕೆ ಹೋಗಿ ಮಿಡಚಿ ಹಿಡಿದು, ಬಾಟಲಿಯ ಮುಚ್ಚಳಕ್ಕೆ ತೂತು ಹಾಕಿ, ದೇವದುರ್ಗದ ಬಸ್ಸಿನ ಕಂಡಕ್ಟರ್ ಕೈಲಿ ರಾಯಚೂರಿಗೆ ಕಳಿಸಿದ್ದಳು.

"ಹಿಡಿಯಾಕ ಏನ್ ತ್ರಾಸ ಆಗ್ಲಿಲ್ಲಪ್ಪಾ. ಜಿಗೀಲೇ ಇಲ್ಲ ಅವು. ಹೂವು ಆರಿಸಿದಂಗ ಆರಿಸ್ದೆ" ಎಂದು ಮಗನಿಗೆ ಫೋನಿನಲ್ಲಿ ಹಿಗ್ಗಿ ಹೇಳಿದ್ದಳಂತೆ. ದೇವಿಕಾ ಪುಟ್ಟಿಗೆ ಜಡೆ ಹಾಕುವಷ್ಟರಲ್ಲಿ ಉದಯಕುಮಾರ ಒಂದನ್ನು ಚುಕ್ಕಿಗೆ ತಿನ್ನಿಸಿ, ಅವ್ವನ ಮಾತು ಹೆಂಡತಿಗೆ ಒಪ್ಪಿಸಿ, ಮಿಲ್ಲಿಗೆ ಹೊರಟುಹೋದ.

ಜಿಗಿಯದ ಮಿಡಚಿ ಎಲ್ಲಾದರೂ ಉಂಟೆ? ಕೈ ಒರೆಸಿಕೊಂಡು ಬಾಟಲಿ ಎತ್ತಿ ನೋಡಿದಳು. ಉಳಿದವು ಅಂಗಾತ ಬಿದ್ದು ಕಾಲು ನಡುಗಿಸುತ್ತಿದ್ದವು. ಹತ್ತಿಗೆ ಎಣ್ಣೆ ಹೊಡೆಯುವ ದಿನಗಳು. ಕೀಟನಾಶಕಕ್ಕೆ ಊರಿನವರೆಲ್ಲ ಎಣ್ಣೆ ಎಂದೇ ಅನ್ನುತ್ತಾರೆ. ಪೆಟ್ಟಿಗೆಯ ಮೂಲೆಯಲ್ಲಿ ಚುಕ್ಕಿ ಬಾಯಿ ತೆರೆದು ಬಿದ್ದಿತ್ತು. ಬಾಲ ಮುಟ್ಟಿದರೂ ಅಲುಗಲಿಲ್ಲ.

ಚುಕ್ಕಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಆಟೋ ಹತ್ತಿದಳು. ಪ್ರಾಣಿಗಳ ಡಾಕ್ಟರ್ ಉಮಾದೇವಿ ನೋಡಿ, "ವಿಷ ಏರ್ಯದ್ರಿ. ಆದ್ರ ಒಂದೊಂದು ಎಣ್ಣಿಗೆ ಒಂದೊಂದು ಔಷಧ. ಡಬ್ಬಿ ಮ್ಯಾಲಿನ ಹೆಸರು ಕೇಳಿ ಹೇಳ್ರಿ, ಲಗೂನ" ಎಂದರು.

ಕೇಳುವುದು ಹೇಗೆ? ಮುನಿಸು ಬಿಟ್ಟು ಅತ್ತೆ ಕಳಿಸಿದ ಮೊದಲ ಉಡುಗೊರೆ ಇದು. ವಿಷವಿತ್ತೇ ಎಂದರೆ ಮತ್ತೆ ಈ ಕಡೆ ಮುಖ ಹಾಕಿಯಾಳೆ? ಹೊರಗೆ ಬಂದು ಗಂಡನಿಗೆ ಫೋನು ಮಾಡಿದರೆ ಮಿಲ್ಲಿನ ಗದ್ದಲದಲ್ಲಿ ಎತ್ತಲಿಲ್ಲ. ಅತ್ತೆಯ ನಂಬರು ಒತ್ತಿದಳು, ರಿಂಗಾಗುವ ಮೊದಲೇ ಕತ್ತರಿಸಿದಳು. ಒಳಗೆ ಹೋಗಿ ನೋಡಿ ಬಂದಳು. ಚುಕ್ಕಿಯ ಕಾಲುಗಳೂ ಈಗ ನಡುಗುತ್ತಿದ್ದವು. ಪುಟ್ಟಿ ಶಾಲೆಯಿಂದ ಬಂದು ಮೊದಲು ಪೆಟ್ಟಿಗೆಯ ಹತ್ತಿರವೇ ಓಡುತ್ತಾಳೆ.

ಮತ್ತೆ ಒತ್ತಿದಳು. ಈ ಸಲ ಕತ್ತರಿಸಲಿಲ್ಲ.

"ಏನವ್ವಾ, ತಿಂತೇನ ನಿಮ್ಮ ಹಲ್ಲಿ?"

"ತಿಂತ್ರೀ ಅತ್ತೀ. ಆದ್ರ ಈಗ ಬಿದ್ದುಬಿಟ್ಟದ. ಆ ಹೊಲಕ್ಕ ಎಣ್ಣಿ ಹೊಡದಿದ್ರೇನ್ರಿ?"



"ನಮ್ಮ ಹೊಲಕ್ಕಲ್ಲ. ಬಾಜೂ ಹೊಲದ ಬೂದೆಪ್ಪನ ಬದುವಿನ್ಯಾಗ ಹಿಡ್ದಿದ್ದೆ. ಅಂವ ನಿನ್ನೆ..." ಅಂಬಮ್ಮನ ದನಿ ಬಿಗಿಯಾಯಿತು. "ನಾ ವಿಷ ಕಳಿಸೀನಿ ಅಂತೀಯೇನ?"

"ಇಲ್ರೀ ಅತ್ತೀ, ಹಂಗ ಅನ್ನಂಗಿಲ್ಲ. ನಿಮಗೂ ಗೊತ್ತಿದ್ದಿಲ್ಲ, ನಮಗೂ ಗೊತ್ತಿದ್ದಿಲ್ಲ. ಡಬ್ಬಿ ಮ್ಯಾಲಿನ ಹೆಸರು ಬೇಕ್ರಿ. ಡಾಕ್ಟರು ಇಲ್ಲೇ ನಿಂತಾರ."

ಫೋನು ಇಟ್ಟಳೇ? ಇಲ್ಲ. ಚಪ್ಪಲಿಯ ಸಪ್ಪಳ, ಏದುಸಿರು, ಆಮೇಲೆ ಓಣಿಗೆಲ್ಲ ಕೇಳುವಂಥ ಕೂಗು.

"ಏ ಬೂದೆಪ್ಪಾ! ನಿನ್ನೆ ಹೊಡದ ಎಣ್ಣಿ ಡಬ್ಬಿ ಎಲ್ಲಿ ಒಗದೀಯಲೇ? ತೊಗೊಂಡು ಬಾ ಲಗೂ! ನನ್ನ ಮೊಮ್ಮಗಳ ಚುಕ್ಕಿ ಸಾಯಾಕತ್ತದ!"

ದೇವಿಕಾ ಒಳಗೆ ಓಡಿ, ಸ್ಪೀಕರ್ ಒತ್ತಿ, ಫೋನನ್ನು ಡಾಕ್ಟರ ಮುಂದೆ ಹಿಡಿದಳು.