ಹನೀಫೆಯ ಹಾಲಿನ ಬಾಕಿ

ತುರ್ಕಿಯ ನಮ್ಮ ಗಣಿಯೂರು ಹನೀಫೆಗೆ ಹಾಲಿನ ಋಣ ಬಾಕಿ ಉಳಿಸಿಕೊಂಡಿದೆ. ಹಾಲು ಆಡಿನದು, ನಿಜ. ಆದರೆ ಹೆತ್ತವಳಾದ ಎಲ್ಮಾಸ್ ಬಾಣಂತಿತನದಲ್ಲೇ ಸತ್ತಾಗ ಆ ಹಾಲಿಗೆ ಬಟ್ಟೆಯ ತುದಿ ಅದ್ದಿ ಕೂಸು ರೆಜೆಪ್‌ನ ಬಾಯಿಗೆ ತುರುಕಿದವಳು, ಅವನಪ್ಪ ಎರಡನೆಯದಾಗಿ ಕಟ್ಟಿಕೊಂಡ ಈ ಹನೀಫೆ. ಹೇನು ಹೆಕ್ಕಿದಳು, ಬಾರಿಸಿದಳು, ದೊಡ್ಡವನಾದ ಮೇಲೆ ಗಣಿಗೆ ಬುತ್ತಿ ಕಟ್ಟಿದಳು. ಮುಷ್ಕರದ ಚಳಿಗಾಲದಲ್ಲಿ ಗಣಿ ಕೆಲಸಗಾರರಾದ ನಮ್ಮ ಮುಂದೆ ನಿಂತು ತಾಮ್ರದ ತಟ್ಟೆ ಬಡಿಯುತ್ತ ಪೊಲೀಸರ ವಂಶವನ್ನೆಲ್ಲ ಜಾಲಾಡಿದಳು. ಆದರೂ ಬೀದಿಯ ಬಾಯಲ್ಲಿ ಅವಳು 'ಉವೆಯ್'. ಮಲತಾಯಿ.

ಆ ಮಾತಿನ ಮೂಲ ನನಗೆ ತಿಳಿದದ್ದು ಆ ಮುಷ್ಕರಕ್ಕಾಗಿ ಜೈಲಿನಲ್ಲಿದ್ದಾಗ, ಜೊತೆಗಿದ್ದ ಒಬ್ಬ ಮೇಷ್ಟ್ರಿಂದ. ಹಳೆಯ ತುರ್ಕಿಯಲ್ಲಿ 'ಓಗ್' ಎಂದರೆ ತಾಯಿ, 'ಓಗೆಯ್' ಎಂದರೆ ತಾಯಿಯಂಥವಳು. ಅದೇ ಸವೆದು ಉವೆಯ್ ಆಯಿತಂತೆ. ಹೊರಗೆ ಬಂದು ಹನೀಫೆಗೆ ಹೇಳಿದೆ. ಹುರುಳಿಕಾಯಿ ಮುರಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಹಂಗಾದ್ರೆ ಇಷ್ಟು ವರ್ಷ ಇವ್ರು ಬೈತಿದ್ದಿದ್ದು ಅಮ್ಮ ಅಂತಾನಾ? ಕತ್ತೆ ಮುಂಡೇವು."

ರೆಜೆಪ್‌ನ ಶ್ವಾಸಕೋಶವನ್ನು ಕಲ್ಲಿದ್ದಲ ಧೂಳು ತಿಂದು ಮುಗಿಸಿತು. ಮಸೀದಿಯಂಗಳದಲ್ಲಿ ಹೆಣ ಇಟ್ಟುಕೊಂಡು, ಅವನ ಮೇಲಿರುವ ಋಣ ಬಿಟ್ಟಿರಾ ಎಂದು ನಮಾಜು ಮಾಡಿಸುವ ಹೋಜಾ ಕೇಳಿದರು. ನಾವೆಲ್ಲ ಬಿಟ್ಟೆವು ಎಂದೆವು. ಅದು ಪದ್ಧತಿ, ಸಾಲ ಕೊಟ್ಟವನೂ ಬಿಟ್ಟೆ ಅನ್ನುತ್ತಾನೆ.

ಹಿಂದಿನಿಂದ ಹನೀಫೆಯ ದನಿ ಬಂತು. "ನಾನು ಬಿಡಲ್ಲ."

ತಲೆಗಳೆಲ್ಲ ಹಿಂದೆ ತಿರುಗಿದವು. ಒಬ್ಬರು ಬಿಡದಿದ್ದರೂ ಸತ್ತವನು ಆ ಹೊರೆ ಹೊತ್ತೇ ಹೋಗಬೇಕು. ಹೋಜಾ ಹತ್ತಿರ ಹೋಗಿ, ಏನು ಬೇಕು ದೊಡ್ಡಮ್ಮ, ಎಂದರು. ಸಮಾಧಿಯ ಬಳಿ ನಿಂತು ಸತ್ತವನನ್ನು ತಾಯಿಯ ಹೆಸರು ಹಿಡಿದು ಕರೆಯುತ್ತಾರಲ್ಲ, ಅಲ್ಲಿ ತನ್ನ ಹೆಸರೂ ಸೇರಬೇಕು ಎಂದಳು. ಹಾಗೆಲ್ಲ ಆಗೋದಿಲ್ಲ ಎಂದು ಹೋಜಾ ಗೊಣಗಿದರು. ಹಾಗಾದರೆ ಹೆಣ ಬಿಸಿಲಲ್ಲೇ ಇರಲಿ ಎಂದಳು. ನಮ್ಮ ಯಾವ ಮುಷ್ಕರದಲ್ಲೂ ಇಂಥ ಪಟ್ಟು ನಾನು ನೋಡಿರಲಿಲ್ಲ. ಹೋಜಾ ಒಪ್ಪಿದರು.

ಹೆಂಗಸರು ಪದ್ಧತಿಯಂತೆ ಸ್ಮಶಾನದ ಗೋಡೆಯಾಚೆ ನಿಂತರು. ಮಣ್ಣು ಮುಚ್ಚಿದ ಮೇಲೆ ಹೋಜಾ ದನಿ ತಗ್ಗಿಸಿ, "ಎಲ್ಮಾಸಳ ಮಗ ರೆಜೆಪ್" ಎಂದಷ್ಟೇ ಕರೆದು ನಿಲ್ಲಿಸಿದರು.

"ಕೇಳಿಸ್ತು ಹೋಜಾ," ಗೋಡೆಯಾಚೆಯಿಂದ ಹನೀಫೆ ಕೂಗಿದಳು. " ನನ್ನ ಕಿವಿ ಇನ್ನೂ ಸತ್ತಿಲ್ಲ."

ಗುದ್ದಲಿ ಹಿಡಿದ ಗಂಡಸರು ಮೀಸೆಯಡಿ ನಕ್ಕರು. ಹೋಜಾ ಬೆವರೊರೆಸಿಕೊಂಡು ಮತ್ತೆ ಕರೆದರು: ಎಲ್ಮಾಸಳ ಮಗ, ಹನೀಫೆಯ ಮಗ, ರೆಜೆಪ್.

ಗೋಡೆಯಾಚೆಯಿಂದ ಹನೀಫೆಯ ದನಿ ಬಂತು. "ಬಿಟ್ಟೆ. ಹೋಗಪ್ಪ."

ಮರುದಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ ಅವಳು ಮತ್ತೆ ಉವೆಯ್ ಆಗಿದ್ದಳು. ಮಗ ತೀರಿಸಿ ಹೋದ, ಊರು ತೀರಿಸಿಲ್ಲ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದರೆ, ನೆಂಟರು ಬಂದಾಗ ಅವಳನ್ನು ಏನೆಂದು ಪರಿಚಯಿಸುತ್ತೀರಿ? ಈಗಲೇ ಹೇಳಿ, ಗೋಡೆಯಾಚೆ ಇರುವ ಅವಳಿಗೂ ಕೇಳಿಸುವಷ್ಟು ಜೋರಾಗಿ.