ಸುಬ್ಬುವಿನ ದೀಪ

ಊರಿಗೆ ಫೋನ್ ಮಾಡಬೇಕೆಂದರೆ ಮನೆಯವರೆಲ್ಲ ಸಾಲಾಗಿ ನಿಲ್ಲುತ್ತಿದ್ದ ಕಾಲ ಅದು. ತಿಂಗಳಿಗೊಂದು ಸಲ, ಭಾನುವಾರ. ಅಪ್ಪ ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತಿರುತ್ತಿದ್ದರು, ನನ್ನ ಪಾಲಿಗೆ ಬರುತ್ತಿದ್ದದ್ದು ಒಂದೇ ಒಂದು ನಿಮಿಷ. ಹಿಂಗು, ಸಾರಿನ ಪುಡಿ ಸೂಟ್‌ಕೇಸಿನಲ್ಲಿ ಬರುತ್ತಿದ್ದವು. ಕನ್ನಡ ಮಾತ್ರ ಊರಿನಿಂದ ಅಜ್ಜಿ ಬಂದಾಗಷ್ಟೇ ಬರುತ್ತಿತ್ತು. ಆಗ ಆಸ್ಟ್ರೇಲಿಯಾದಲ್ಲಿ ಬೆಳೆದ ನಮ್ಮಂಥವರಿಗೆಲ್ಲ ಇಷ್ಟು ಗೊತ್ತಿರುವ ಕಥೆಯೇ. ಆದರೆ ನನ್ನ ಹಾಗೆ ಹಾವು ಸಾಕಿದವರು ನಿಮ್ಮಲ್ಲಿ ಹೆಚ್ಚು ಜನ ಇರಲಾರರು. ಇದ್ದರೂ ಪಂಚಮಿಯ ದಿನ ನಾನು ಮಾಡಿದ್ದನ್ನು ಮಾಡಿರಲಾರರು.

ನಾನು ಹುಟ್ಟಿ ಒಂಬತ್ತು ವರ್ಷದವರೆಗೆ ಬೆಳೆದದ್ದು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಸ್ಟೇಷನ್ ಪಕ್ಕದ ಬಾಡಿಗೆ ಫ್ಲ್ಯಾಟಿನಲ್ಲಿ. ಒಬ್ಬಳೇ ಮಗಳು. ಮೊದಲು ತಮ್ಮ ಬೇಕೆಂದು ಹಟ ಹಿಡಿದೆ. ಅದು ಆಗುವ ಹಾಗೆ ಕಾಣದಿದ್ದಾಗ ನಾಯಿಗೆ ಇಳಿದೆ. ಫ್ಲ್ಯಾಟಿನಲ್ಲಿ ಪ್ರಾಣಿ ಸಾಕುವ ಹಾಗಿಲ್ಲ, ಮೆಲ್ಬರ್ನ್‌ಗೆ ಹೋದಮೇಲೆ ನೋಡೋಣ ಎಂದು ಅಪ್ಪ ಸಾಗಹಾಕಿದರು. ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ, ಹಿತ್ತಲಿರುವ ಮನೆಗೆ ನಿಜವಾಗಿಯೂ ಹೋದಮೇಲೆ ಪೀಕಲಾಟಕ್ಕೆ ಬಂತು. ನಾಯಿಯ ಕೂದಲು ದೇವರ ಮನೆಗೆ ಹಾರಿ ಬರುತ್ತದೆ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು.

ನನ್ನನ್ನು ಕಾಪಾಡಿದವರು ಪಕ್ಕದ ಮನೆಯ ರಾನ್ ಅಂಕಲ್. ರಿಟೈರ್ ಆಗಿದ್ದ ಟ್ರಾಮ್ ಡ್ರೈವರ್, ಒಂಟಿ ಮನುಷ್ಯ. ಗ್ಯಾರೇಜಿನ ತುಂಬ ಗಾಜಿನ ಪೆಟ್ಟಿಗೆಗಳಲ್ಲಿ ಲೈಸೆನ್ಸ್ ಪಡೆದು ಹಾವು ಸಾಕಿದ್ದರು. ಕಂದು ಮೈಮೇಲೆ ಹಳದಿ ಚಿತ್ತಾರವಿದ್ದ ಒಂದು ಹೆಬ್ಬಾವಿನ ಮರಿಯನ್ನು ಅವರು ನನ್ನ ಕೈಮೇಲೆ ಬಿಟ್ಟ ದಿನ ನಾನು ನಾಯಿಯನ್ನು ಮರೆತೆ. ಜನ ಅಂದುಕೊಂಡ ಹಾಗೆ ಹಾವು ಅಂಟಂಟಾಗಿರುವುದಿಲ್ಲ. ಒಣಗಿ ನುಣುಪಾಗಿರುತ್ತದೆ, ಇಸ್ತ್ರಿ ಮಾಡಿದ ರೇಷ್ಮೆ ಸೀರೆಯ ಹಾಗೆ. ಅಪ್ಪನೇ ಅಮ್ಮನ ಮುಂದೆ ವಕಾಲತ್ತು ವಹಿಸಿದರು: ವಿಷವಿಲ್ಲ, ಬೊಗಳುವುದಿಲ್ಲ, ಕೂದಲು ಉದುರುವುದಿಲ್ಲ, ಹತ್ತು ದಿನಕ್ಕೊಂದು ಊಟ. ಅಮ್ಮ ಒಂದೇ ಷರತ್ತು ಹಾಕಿದಳು, ಇಲಿ ಗಿಲಿ ತನ್ನ ಫ್ರಿಜ್ಜಿಗೆ ಬರಕೂಡದು. ಹಾಗಾಗಿ ಸುಬ್ಬು ಊಟಕ್ಕೆ ಪಕ್ಕದ ಮನೆಗೆ ಹೋಗಿ ಬರುತ್ತಿದ್ದ. ಹೌದು, ಹೆಸರು ಸುಬ್ಬು. ಸುಬ್ರಹ್ಮಣ್ಯ ಎಂದು ಅಪ್ಪ ಇಟ್ಟದ್ದು, ರಾನ್ ಅಂಕಲ್ ಬಾಯಲ್ಲಿ ‘ಸೂಬು’.

ರಾನ್ ಅಂಕಲ್ ಪೆಟ್ಟಿಗೆಗೆ ಒಂದು ಕೆಂಪು ಬಲ್ಬು ಹಾಕಿಕೊಟ್ಟರು, ಬೆಳಕಿಗಲ್ಲ, ಕಾವಿಗೆ. ಹಾವಿಗೆ ತನ್ನದೇ ಬಿಸಿ ಇಲ್ಲ, ಹೊರಗಿನಿಂದ ಪಡೆಯಬೇಕು. ಚಳಿಗಾಲದಲ್ಲಿ ಈ ದೀಪ ಒಂದು ಗಂಟೆಯೂ ಆರಬಾರದು, ಮೈ ಒದ್ದೆಯಾಗಿ ಉಳಿಯಬಾರದು. ಈ ಎರಡು ಮಾತನ್ನು ಅವರು ನನ್ನಿಂದ ಮೂರು ಸಲ ಹೇಳಿಸಿದರು. ನಾನು ಪಟಪಟನೆ ಒಪ್ಪಿಸಿದೆ. ಕ್ಲಾಸಿನಲ್ಲಿ ಫಸ್ಟ್ ಬರುತ್ತಿದ್ದವಳು, ನನಗೇನು ಕಷ್ಟ.

ಎರಡನೇ ಚಳಿಗಾಲಕ್ಕೆ ಮೈಸೂರಿನಿಂದ ಅಜ್ಜಿ ಬಂದಳು, ಅಪ್ಪನ ತಾಯಿ. ಅವಳು ಹೆದರಿಯಾಳೆಂದು ಅಮ್ಮ ಪೆಟ್ಟಿಗೆಯ ಮೇಲೆ ಹಳೇ ಸೀರೆ ಹೊದಿಸಿಟ್ಟಿದ್ದಳು. ಮೊದಲ ಬೆಳಗ್ಗೆಯೇ ಅಜ್ಜಿ ಸೀರೆ ಎತ್ತಿ ನೋಡಿದಳು. ಕಿರುಚಲಿಲ್ಲ. ಸೆರಗು ಹೊದ್ದು ಕೈಮುಗಿದಳು. ಆಮೇಲೆ, ಇವನಿಗೆ ಊಟ ಎಲ್ಲಿ ಎಂದು ಕೇಳಿದಳು. ಪಕ್ಕದ ಮನೆಯಲ್ಲಿ ಎಂದೆ. “ಓ, ವಾರಾನ್ನದ ಹುಡುಗ ಅನ್ನು” ಎಂದು ನಕ್ಕಳು. ಅವಳ ಕಾಲದಲ್ಲಿ ಬಡ ಹುಡುಗರು ವಾರಕ್ಕೊಂದು ದಿನದಂತೆ ಒಬ್ಬೊಬ್ಬರ ಮನೆಯಲ್ಲಿ ಉಂಡು ಓದುತ್ತಿದ್ದರಂತೆ. ಏನು ಊಟ ಎಂದು ಅವಳು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆ ಚಳಿಗಾಲದಷ್ಟು ಸುಖ ನಾನು ಮತ್ತೆ ಕಂಡಿಲ್ಲ. ಸ್ಕೂಲಿನಿಂದ ಬಂದರೆ ಹುರಿದ ಎಳ್ಳಿನ ವಾಸನೆ, ತುಪ್ಪದ ವಾಸನೆ. ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ, ಕನ್ನಡದಲ್ಲಿ ಕೇಳಿದರೆ ಮಾತ್ರ ಚಕ್ಕುಲಿ. ಹೀಟರ್ ಮುಂದೆ ಕಾರ್ಪೆಟ್ಟಿನ ಮೇಲೆ ಕೂತು ನಾನೂ ಅವಳೂ ಚೌಕಾಬಾರ ಆಡುತ್ತಿದ್ದೆವು, ಸುಬ್ಬು ನನ್ನ ತೋಳಿಗೆ ಸುತ್ತಿಕೊಂಡಿರುತ್ತಿದ್ದ. ಅಜ್ಜಿ ಆಟದಲ್ಲಿ ಮೋಸ ಮಾಡುತ್ತಿದ್ದಳು. ಸಾಕ್ಷಿಗೆ ಸುಬ್ಬುವನ್ನು ಕರೆದರೆ, “ಅವನು ನನ್ನ ಕಡೆಯವನು ಕಣೇ” ಅನ್ನುತ್ತಿದ್ದಳು.

ಶ್ರಾವಣ ಬಂತು. ಮೈಸೂರಿನಲ್ಲಿ ಮಳೆಗಾಲ, ನಮಗೆ ಕೊರೆಯುವ ಚಳಿ. ಪಂಚಮಿಗೆ ಮನೆಯಲ್ಲಿ ಜೀವಂತ ನಾಗಪ್ಪನೇ ಇದ್ದಾನೆಂದು ಸುದ್ದಿ ಹಬ್ಬಿ, ಅಮ್ಮನ ಸ್ನೇಹಿತೆಯರಾದ ಆಂಟಿಯರೆಲ್ಲ ಬರುವುದೆಂದಾಯಿತು. ಅಜ್ಜಿ ಎರಡು ದಿನ ಅಡುಗೆಮನೆಯನ್ನು ಆಳಿದಳು. ಕಾವಲಿ ಒಲೆಯೇರುವ ಹಾಗಿಲ್ಲ, ಏನನ್ನೂ ಕರಿಯುವ ಹಾಗಿಲ್ಲ, ನಾಗನಿಗೆ ಕಾವು ತಟ್ಟುತ್ತದೆ. ಬರೀ ಹಬೆಯಲ್ಲಿ ಬೆಂದ ಕಡುಬು, ತಂಬಿಟ್ಟು, ಎಳ್ಳಿನ ಚಿಗಳಿ. ಅಂದು ಅಕ್ಕ ತಂಗಿಯರು ಅಣ್ಣ ತಮ್ಮಂದಿರ ಬೆನ್ನಿಗೆ ಹೂವಿನಿಂದ ಹಾಲು ಹಚ್ಚಿ ‘ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ’ ಅನ್ನುತ್ತಾರೆ ಎಂದು ಅಜ್ಜಿ ಹೇಳಿದಾಗ ನನ್ನ ಮುಖ ಸಪ್ಪಗಾಯಿತು. ನನಗೆ ಯಾರ ಬೆನ್ನಿದೆ? ಅಜ್ಜಿ ಪೆಟ್ಟಿಗೆಯ ಕಡೆ ನೋಡಿ, ಅವನಿಗಿಂತ ಉದ್ದದ ಬೆನ್ನು ಯಾವ ತಮ್ಮನಿಗಿದೆ ಎಂದು ಕೇಳಿದಳು.

ಬೆಳಗ್ಗೆ ಪೂಜೆಗೆ ಮುಂಚೆ ಅವಳು ಕೆಂಪು ಬಲ್ಬನ್ನು ತೋರಿಸಿದಳು.

“ಇದನ್ನ ಆರಿಸಿಬಿಡೇ ಪುಟ್ಟಿ. ಇವತ್ತು, ನಾಳೆ, ಎರಡು ದಿನ ಅವನಿಗೆ ಕಾವು ಬೇಡ. ತಂಪಾಗಿರ್ಲಿ.”

ನನಗೆ ರಾನ್ ಅಂಕಲ್ ಮಾತು ನೆನಪಿತ್ತು. ಚೆನ್ನಾಗಿ ನೆನಪಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಆದರೆ ಹಾಲ್ ತುಂಬ ಆಂಟಿಯರು, ಜರಿ ಲಂಗ ಉಟ್ಟ ನಾನು ಆ ದಿನದ ರಾಣಿ, ನನಗೆ ಕೊನೆಗೂ ಒಬ್ಬ ತಮ್ಮ. ಸ್ವಿಚ್ ಆರಿಸಿದವಳು ನಾನೇ. ಸುಬ್ಬುವಿನ ಬೆನ್ನುದ್ದಕ್ಕೂ ಫ್ರಿಜ್ಜಿನ ಹಾಲು ಎರೆದೆ, ಸೇವಂತಿಗೆಯಿಂದ ಸವರಿದೆ, ಹೇಳಬೇಕಾದ್ದನ್ನು ಹೇಳಿದೆ. ಅವನು ಒಮ್ಮೆ ಮೈ ಸೆಳೆದುಕೊಂಡು ಸುಮ್ಮನಾದ. ಆಂಟಿಯರು ಕೈಮುಗಿದರು, ಫೋಟೋ ತೆಗೆದರು. ಅವನನ್ನು ಒರೆಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೂರನೇ ದಿನ ಬೆಳಗ್ಗೆ ದೀಪ ಹಾಕಿದೆ. ಐದನೇ ದಿನ ಸುಬ್ಬು ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡತೊಡಗಿದ, ನಮಗೆ ಶೀತವಾದಾಗ ಆಗುವಂಥ ಗೊರಗೊರ ಸದ್ದು. ಬೇಲಿ ದಾಟಿದರೆ ರಾನ್ ಅಂಕಲ್ ಮನೆ, ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ. ಹೋದರೆ ದೀಪದ ವಿಷಯ ಹೇಳಬೇಕಾಗುತ್ತಿತ್ತು. ಆ ವಾರ ಅವರು ಊಟಕ್ಕೆ ಕರೆದಾಗ ಅವನಿಗೆ ಹಸಿವಿಲ್ಲ ಎಂದೆ. ತಾನಾಗಿ ಸರಿಹೋಗುತ್ತಾನೆ ಎಂದು ನಂಬಿಕೊಂಡೆ. ಪ್ರತಿ ಸಂಜೆ ಅವನಿಗೆ ಸ್ವಲ್ಪ ವಾಸಿ ಎಂದು ಅಜ್ಜಿಗೂ ಹೇಳಿದೆ. ಒಂಬತ್ತನೇ ದಿನ ಸ್ಕೂಲಿನಿಂದ ಬಂದು ಎತ್ತಿಕೊಂಡಾಗ ಅವನು ನನ್ನ ಕೈಯಲ್ಲಿ ಹಗ್ಗದ ಹಾಗೆ ಜೋತುಬಿದ್ದ.

ನನ್ನ ಕೂಗಿಗೆ ರಾನ್ ಅಂಕಲ್ಲೇ ಓಡಿ ಬಂದರು. ಸುಬ್ಬುವಿನ ಬಾಯಿ ತೆರೆದು ನೋಡಿದರು, ಮೂಸಿದರು. ಹೊಟ್ಟೆಯ ಹುರುಪೆಗಳ ಸಂದಿಯಲ್ಲಿ ಹಾಲು ಹೆಪ್ಪುಗಟ್ಟಿ ಹುಳಿ ವಾಸನೆ ಬರುತ್ತಿತ್ತು. ಶ್ವಾಸಕೋಶಕ್ಕೆ ಥಂಡಿ ಹಿಡಿದಿದೆ ಎಂದರು. ಬಲ್ಬಿನ ಕಡೆ ಬೆರಳು ತೋರಿಸಿ, ಇದೇನಾದರೂ ಆರಿತ್ತಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಅವರೇನು ಹೇಳುತ್ತಿದ್ದಾರೆ ಎಂದು ಅಜ್ಜಿ ಕೇಳಿದಳು. ಹುಟ್ಟಿನಿಂದಲೇ ಅವನ ಎದೆ ವೀಕಂತೆ ಎಂದೆ. ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು, ಒಂದೇ ನಿಮಿಷದಲ್ಲಿ ಎರಡು ಸುಳ್ಳು. ಅಪ್ಪ ಅಮ್ಮ ಇನ್ನೂ ಮನೆಗೆ ಬಂದಿರಲಿಲ್ಲ, ಅಜ್ಜಿಗೂ ರಾನ್ ಅಂಕಲ್‌ಗೂ ನಡುವೆ ಮಾತು ಸಾಗಿಸುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಎರಡೂ ದಕ್ಕಿದವು.

ಅಜ್ಜಿಯ ಲೋಕದಲ್ಲಿ ನಾಗಹತ್ಯೆಗಿಂತ ದೊಡ್ಡ ಪಾಪವಿಲ್ಲ. ಏಳು ತಲೆಮಾರು ಕಾಡುತ್ತದೆ ಅನ್ನುತ್ತಿದ್ದಳು. ತಾನು ಆಡಿದ ಮಾತಿನಿಂದಲೇ ಅವನು ಹೋದನೆಂದು ತಿಳಿದರೆ ಅವಳು ಅನ್ನ ನೀರು ಬಿಡುತ್ತಾಳೆಂದು ನನಗೆ ಖಾತ್ರಿಯಿತ್ತು. ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೆ. ನನ್ನನ್ನೂ ಕಾಪಾಡಿಕೊಳ್ಳುತ್ತಿದ್ದೆ ಅನ್ನಿ.

ನಿಂಬೆ ಗಿಡದ ಬುಡದಲ್ಲಿ ಹೂಳೋಣ ಎಂದು ರಾನ್ ಅಂಕಲ್ ಗುದ್ದಲಿ ತಂದಿದ್ದರು. ಅಜ್ಜಿ ಬಿಲ್ಕುಲ್ ಒಪ್ಪಲಿಲ್ಲ, ನಾಗಪ್ಪನಿಗೆ ಸಂಸ್ಕಾರ ಆಗಬೇಕು. ಸುಡುವುದೆಲ್ಲಿ ಎಂದು ಅಪ್ಪ ತಲೆಮೇಲೆ ಕೈಹೊತ್ತಾಗ ಅವಳು ಹಿತ್ತಲಿನ ಇಟ್ಟಿಗೆ ಬಾರ್ಬೆಕ್ಯೂ ತೋರಿಸಿದಳು. ಮನೆಯ ಜೊತೆ ಬಂದದ್ದು, ಪುಳಿಚಾರಿನವರಾದ ನಾವು ಅದನ್ನು ಮುಟ್ಟಿರಲಿಲ್ಲ. ಅಜ್ಜಿ ಅದನ್ನು ಅರಿಶಿನದ ನೀರಿನಿಂದ ತೊಳೆಸಿ, ಅಪ್ಪನದೊಂದು ಬಿಳಿ ಪಂಚೆಯ ತುಂಡು ಹಾಸಿ, ಸುಬ್ಬುವನ್ನು ಸುರುಳಿ ಸುತ್ತಿ ಮಲಗಿಸಿದಳು. ಗಂಧದ ಚಕ್ಕೆ, ತುಪ್ಪ. ಜೊತೆಗಿಡಲು ಒಂದು ಚೂರು ತಾಮ್ರ ಬೇಕೆಂದಾಗ ರಾನ್ ಅಂಕಲ್ ಜೇಬಿನಿಂದ ಹಳೇ ಎರಡು ಸೆಂಟಿನ ನಾಣ್ಯ ತೆಗೆದುಕೊಟ್ಟರು, ಅದರ ಮೇಲೆ ಓತಿಕ್ಯಾತದ ಚಿತ್ರವಿತ್ತು. ಹ್ಯಾಟು ತೆಗೆದು ಎದೆಗೊತ್ತಿಕೊಂಡು ಅವರು ಕೊನೆಯವರೆಗೂ ನಿಂತರು.

ಬೆಂಕಿ ಕೊಡುವ ಮೊದಲು ಅಜ್ಜಿ ನನ್ನ ಕೈಗೆ ಹೂ ಕೊಟ್ಟು, ತಾನು ಹೇಳಿದ್ದನ್ನು ಹೇಳು ಎಂದಳು. ‘ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಪ್ಪ.’ ಅಷ್ಟು ಹೇಳುವುದರಲ್ಲಿ ಅವಳ ದನಿ ಎರಡು ಕಡೆ ಒಡೆಯಿತು. ನಾನು ಹೇಳಲು ಹೋದೆ. ‘ತಿಳಿಯದೆಯೋ’ ಬಾಯಿಂದ ಹೊರಡಲಿಲ್ಲ. ‘ತಿಳಿದು’ ಎಂದಷ್ಟೇ ಹೇಳಿ ಅಳತೊಡಗಿದೆ. ಅಜ್ಜಿ ನನ್ನನ್ನು ಸೆರಗಿನೊಳಗೆ ಎಳೆದುಕೊಂಡು, ಸಾಕು, ಅವನಿಗೆ ಕೇಳಿಸಿತು ಎಂದಳು. ಅವಳು ಯಾವುದನ್ನೂ ಕೇಳಲಿಲ್ಲ. ಗೆದ್ದೆ ಎಂದುಕೊಂಡೆ.

ಅಜ್ಜಿ ಊರಿಗೆ ಹೊರಡುವ ಮೊದಲು ರಾನ್ ಅಂಕಲ್ ಇನ್ನೊಂದು ಮರಿ ತಂದರು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟೆ. ಅಜ್ಜಿಯೇ ಮುಂದೆ ಬಂದು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಆವರೆಗೆ ಅವಳು ಹಾವನ್ನು ಮುಟ್ಟಿರಲಿಲ್ಲ.

ಮುಂದಿನ ಜೂನ್‌ನಲ್ಲಿ, ಚಳಿ ಶುರುವಾದ ಮೊದಲ ಭಾನುವಾರ, ಫೋನಿನ ಸಾಲಿನಲ್ಲಿ ನನ್ನ ಸರದಿ ಬಂತು. ಅಜ್ಜಿ ಸ್ಕೂಲು ಕೇಳಲಿಲ್ಲ, ಊಟ ಕೇಳಲಿಲ್ಲ.

“ಅವನಿಗೆ ದೀಪ ಹಾಕಿದೀಯೇನೇ? ಆರಿಸ್ಬೇಡ. ಹಬ್ಬ ಬರ್ಲಿ, ಹುಣ್ಣಿಮೆ ಬರ್ಲಿ, ಯಾರು ಹೇಳಿದ್ರೂ ಆರಿಸ್ಬೇಡ. ನಾನೇ ಹೇಳಿದ್ರೂ.”

ರಾನ್ ಅಂಕಲ್ ಬೆರಳು ಬಲ್ಬಿನ ಕಡೆ ಹೋದದ್ದನ್ನು ನೋಡಲು ಅವಳಿಗೆ ಇಂಗ್ಲಿಷ್ ಬೇಕಿರಲಿಲ್ಲ. ಸುಬ್ಬು ಹೋದ ದಿನದಿಂದಲೇ ಅವಳಿಗೆ ಗೊತ್ತಿತ್ತು. ಹೂಂ ಅಜ್ಜಿ ಎಂದೆ. ಅಪ್ಪ ಗಡಿಯಾರ ತೋರಿಸಿದರು, ಫೋನ್ ಅಮ್ಮನಿಗೆ ಹೋಯಿತು. ಅಲ್ಲಿಂದ ಮುಂದೆ ಹನ್ನೊಂದು ಚಳಿಗಾಲ ಅವಳ ಮೊದಲ ಪ್ರಶ್ನೆ ಅದೇ, ನನ್ನ ಉತ್ತರವೂ ಅದೇ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ರಾನ್ ಅಂಕಲ್ಲೂ ಇಲ್ಲ. ಎರಡನೇ ಸುಬ್ಬು ನನ್ನ ಮದುವೆಯನ್ನೂ ನೋಡಿ, ತುಂಬು ವಯಸ್ಸಿಗೆ ಬೆಚ್ಚಗೆ ಹೋದ. ಈಗ ಮೆಲ್ಬರ್ನ್‌ನ ಟ್ರುಗನಿನಾ ಬಡಾವಣೆಯ ನನ್ನ ಮನೆಯಲ್ಲಿ ಹೀಟರ್ ತನ್ನಷ್ಟಕ್ಕೆ ಹೊತ್ತಿಕೊಂಡು ತನ್ನಷ್ಟಕ್ಕೆ ಆರುತ್ತದೆ, ಯಾರೂ ಯಾರಿಗೂ ಹೇಳಬೇಕಿಲ್ಲ. ಊರಿಗೆ ಫೋನು ದಿನವಿಡೀ ಪುಕ್ಕಟೆ, ಮಾತಾಡಲು ಏನೂ ತೋಚದೆ ಹವಾಮಾನ ಮಾತಾಡುತ್ತೇವೆ. ಪಂಚಮಿಯ ದಿನ ನಾನು ಕಾವಲಿ ಇಡುವುದಿಲ್ಲ. ಏಕೆಂದು ಮಗ ಇಂಗ್ಲಿಷಿನಲ್ಲಿ ಕೇಳುತ್ತಾನೆ, ನಾನೂ ಇಂಗ್ಲಿಷಿನಲ್ಲೇ ಹೇಳುತ್ತೇನೆ.

ಒಂದು ಮಾತು ಮಾತ್ರ ಕನ್ನಡದಲ್ಲೇ ಉಳಿದುಹೋಗಿದೆ. ಅಜ್ಜಿ, ನೀನು ಹೇಳಿದ್ದಕ್ಕೆ ಅವನು ಸಾಯಲಿಲ್ಲ, ಅವನಿಗೆ ಉಸಿರು ಕಟ್ಟುತ್ತಿದ್ದ ನಾಲ್ಕು ದಿನ ನಾನು ಬೇಲಿ ದಾಟಲಿಲ್ಲ, ಅದಕ್ಕೆ ಸತ್ತ. ಹನ್ನೊಂದು ಚಳಿಗಾಲ ಆ ಪಾಪ ತನ್ನೊಬ್ಬಳದೇ ಎಂದು ಅವಳು ಹೊತ್ತುಕೊಂಡಿದ್ದಳು, ನಾನು ಹೂಂ ಅನ್ನುತ್ತಲೇ ಇದ್ದೆ. ನನಗೆ ಸಿಗುತ್ತಿದ್ದದ್ದು ಒಂದು ನಿಮಿಷ. ಅಷ್ಟು ಹೇಳಲು ಅರ್ಧ ನಿಮಿಷವೂ ಬೇಕಿರಲಿಲ್ಲ.